ಈಡಿತ್ ಬಂಕರ್ ಬಾಯಿ ಬಿಟ್ಟ ಕಂತುಗಳು

ಹಳೆಯ ಅಮೆರಿಕನ್ ಹಾಸ್ಯ ಧಾರಾವಾಹಿ ಎಂದರೆ ನಮ್ಮಲ್ಲಿ ಹೆಚ್ಚಿನವರು 'ಫ್ರೆಂಡ್ಸ್' ಎನ್ನುತ್ತಾರೆ. ಅದಕ್ಕಿಂತ ಎರಡು ದಶಕ ಹಿಂದಿನ 'ಆಲ್ ಇನ್ ದ ಫ್ಯಾಮಿಲಿ'ಯನ್ನು ಬಲ್ಲವರಿಗೂ ಅದು ಆರ್ಚಿ ಬಂಕರ್ ಎಂಬ ಸಿಡುಕು ಮುದುಕನ ಕಥೆ ಅಷ್ಟೇ. ಕರಿಯರನ್ನು, ಯಹೂದಿಗಳನ್ನು, ಹಿಪ್ಪಿಗಳನ್ನು, ಕಂಡಕಂಡವರನ್ನೆಲ್ಲ ಬೈಯುವ ಆರ್ಚಿ. ಅವನಿಗೆ ತಿರುಗಿ ಬೀಳುವ ಅಳಿಯ ಮೈಕ್. ಐವತ್ತು ವರ್ಷಗಳಿಂದ ಬರುತ್ತಿರುವ ಲೇಖನಗಳಲ್ಲಿ ಬಹುಪಾಲು ಈ ಮಾವ-ಅಳಿಯರ ಜಗಳದ ಸುತ್ತಲೇ ತಿರುಗುತ್ತವೆ. ಈ ಧಾರಾವಾಹಿಯ ಜೀವ ಇರುವುದು ಆರ್ಚಿಯ ಹೆಂಡತಿ ಈಡಿತ್‌ಳಲ್ಲಿ ಎಂಬುದು ನನ್ನ ದೃಢವಾದ ಅಭಿಪ್ರಾಯ. ಅವಳು ಗಂಡನಿಗೆ ಎದುರು ನಿಂತ ಐದಾರು ಕಂತುಗಳನ್ನು ನೋಡಿದವರು ನನ್ನ ಮಾತನ್ನು ಒಪ್ಪದಿರುವುದು ಕಷ್ಟ.

ನೋಡದವರಿಗಾಗಿ ನಾಲ್ಕು ಮಾತು. 1971ರ ಜನವರಿ 12ರಂದು ಸಿಬಿಎಸ್ ವಾಹಿನಿಯಲ್ಲಿ ಇದು ಆರಂಭವಾಯಿತು. ಬ್ರಿಟನ್ನಿನ ಒಂದು ಧಾರಾವಾಹಿಯ ಎಳೆಯನ್ನು ಹಿಡಿದು ನಾರ್ಮನ್ ಲಿಯರ್ ಇದನ್ನು ರೂಪಿಸಿದರು. ಮೊದಲು ಎಬಿಸಿ ವಾಹಿನಿಗೆಂದು ಎರಡು ಬಾರಿ ಮಾದರಿ ಕಂತು ತಯಾರಾಗಿ, ಎರಡೂ ಬಾರಿ ತಿರಸ್ಕೃತವಾಗಿತ್ತು. ಸಿಬಿಎಸ್‌ಗೂ ಎಷ್ಟು ಅಳುಕಿತ್ತೆಂದರೆ, ಮೊದಲ ಕಂತಿಗೆ ಮುನ್ನ ಒಂದು ಎಚ್ಚರಿಕೆಯ ಸಾಲನ್ನು ಪರದೆಯ ಮೇಲೆ ತೋರಿಸಿತು. ದೂರು ಹೇಳಲು ಕರೆಗಳ ಪ್ರವಾಹವೇ ಬರಬಹುದೆಂದು ಹೆಚ್ಚುವರಿ ಟೆಲಿಫೋನ್ ಆಪರೇಟರುಗಳನ್ನೂ ಕೂರಿಸಿತು. ಪ್ರವಾಹ ಬರಲಿಲ್ಲ. ಮುಂದೆ ಸತತ ಐದು ವರ್ಷ ಅಮೆರಿಕದಲ್ಲಿ ಅತಿ ಹೆಚ್ಚು ಜನ ನೋಡಿದ ಕಾರ್ಯಕ್ರಮ ಇದೇ ಆಯಿತು.

ನ್ಯೂಯಾರ್ಕಿನ ಕ್ವೀನ್ಸ್ ಭಾಗದಲ್ಲಿ, ಹೌಸರ್ ಸ್ಟ್ರೀಟಿನ 704ನೇ ನಂಬರಿನ ಸಾಮಾನ್ಯ ಮನೆ. ಆರ್ಚಿ ಸರಕು ಏರಿಸಿ ಇಳಿಸುವ ಕಟ್ಟೆಯ ಫೋರ್‌ಮನ್. ಮಗಳು ಗ್ಲೋರಿಯಾ, ಓದು ಮುಗಿಯದ ಅಳಿಯ ಮೈಕ್ ಇಬ್ಬರೂ ಅದೇ ಮನೆಯಲ್ಲಿ. ಈಡಿತ್ ಅಡುಗೆಮನೆಗೂ ಹಜಾರಕ್ಕೂ ಅಕ್ಷರಶಃ ಓಡುತ್ತಲೇ ಇರುತ್ತಾಳೆ. ಗಂಡ ಬಾಗಿಲಲ್ಲಿ ಕಾಣಿಸಿಕೊಳ್ಳುವಷ್ಟರಲ್ಲಿ ಬಿಯರ್ ತರಬೇಕು, ಆರು ಗಂಟೆಗೆ ಊಟ ಬಡಿಸಬೇಕು. ಅವಳು ಒಂದು ಕಥೆ ಹೇಳಲು ಶುರು ಮಾಡಿದರೆ ಅದು ಊರೆಲ್ಲ ಸುತ್ತಿ ಬರುತ್ತದೆ, ಆರ್ಚಿ 'ಬಾಯಿ ಮುಚ್ಚು' ಎನ್ನುತ್ತಾನೆ, ಅವಳು ಮುಚ್ಚುತ್ತಾಳೆ. ಆರಂಭದ ಕಂತುಗಳಲ್ಲಿ ಈಡಿತ್ ಇಷ್ಟೇ. ಆ ಕೀರಲು ದನಿ ನಟಿ ಜೀನ್ ಸ್ಟೇಪಲ್ಟನ್ ಅವರ ಸಹಜ ದನಿಯಲ್ಲ, ಪಾತ್ರಕ್ಕಾಗಿ ಕಟ್ಟಿಕೊಂಡದ್ದು. ರಂಗಭೂಮಿಯಲ್ಲಿ ಪಳಗಿದ ಆಕೆ ಈ ಪೆದ್ದುತನದ ಒಳಗೆ ಇನ್ನೊಬ್ಬ ಹೆಂಗಸನ್ನು ಬಚ್ಚಿಟ್ಟುಕೊಂಡಿದ್ದರು.

ಆ ಇನ್ನೊಬ್ಬಳು ಮೊದಲ ಬಾರಿಗೆ ಸ್ಪಷ್ಟವಾಗಿ ಹೊರಬಂದದ್ದು 1972ರ ಜನವರಿಯ 'ಈಡಿತ್ಸ್ ಪ್ರಾಬ್ಲಮ್' ಕಂತಿನಲ್ಲಿ. ವಿಷಯ, ಮುಟ್ಟು ನಿಲ್ಲುವ ಕಾಲದ ತೊಳಲಾಟ. ಅಮೆರಿಕದ ಟಿವಿಯಲ್ಲಿ ಅಲ್ಲಿಯತನಕ ತಾಯಂದಿರಿಗೆ ಇಂಥದೊಂದು ದೇಹವಿದೆ ಎಂಬ ಸುಳಿವೇ ಇರಲಿಲ್ಲವೆನ್ನಬೇಕು. ಈಡಿತ್ ಒಮ್ಮೆ ಅಳುತ್ತಾಳೆ, ಒಮ್ಮೆ ರೇಗುತ್ತಾಳೆ, ದಿನವೂ ತಾನು ಕೇಳಿಸಿಕೊಳ್ಳುವ ಆ ಎರಡು ಪದಗಳನ್ನು ಗಂಡನ ಮೇಲೆಯೇ ತಿರುಗಿಸುತ್ತಾಳೆ. ಆರ್ಚಿಯ ಮುಖ ನೋಡಬೇಕು! ಕೊನೆಗೆ ಅವನ ತಾಳ್ಮೆ ಕೆಟ್ಟು ಅಪ್ಪಣೆ ಹೊರಡಿಸುತ್ತಾನೆ: ಅದೇನು ಬದಲಾವಣೆ ಆಗಬೇಕೋ ಈಗಲೇ ಆಗಿಬಿಡಲಿ, ಮೂವತ್ತು ಸೆಕೆಂಡು ಕೊಡುತ್ತೇನೆ, ಹೂಂ, ಬದಲಾಗು! ಈಡಿತ್ ತಲೆಯೆತ್ತಿ ಕೇಳುತ್ತಾಳೆ: "ಮೊದಲು ಸೂಪ್ ಕುಡಿದು ಮುಗಿಸಲೇ?"

ಪ್ರೇಕ್ಷಕರು ಉರುಳಾಡಿ ನಕ್ಕಿದ್ದಾರೆ. ನಾನೂ ಪ್ರತಿ ಸಲ ನಗುತ್ತೇನೆ. ಆದರೆ ಆ ಪ್ರಶ್ನೆಯನ್ನು ಸ್ಟೇಪಲ್ಟನ್ ಕೇಳಿದ ರೀತಿಯನ್ನು ಗಮನಿಸಿ. ಕಣ್ಣು ಮಿಟುಕಿಸುವುದಿಲ್ಲ, ಕುಹಕವಿಲ್ಲ, ಗೆದ್ದೆನೆಂಬ ಭಾವವಿಲ್ಲ. ಈಡಿತ್‌ಗೆ ಅದು ನಿಜಕ್ಕೂ ಸೂಪಿನ ಪ್ರಶ್ನೆ. ಗಂಡನ ಅಪ್ಪಣೆಯನ್ನು ಪೂರ್ತಿ ಒಪ್ಪಿಕೊಂಡು, ಸಣ್ಣದೊಂದು ಅನುಮತಿ ಕೇಳಿ, ಆ ಅಪ್ಪಣೆಯನ್ನೇ ನೆಲಕ್ಕೆ ಬೀಳಿಸುತ್ತಾಳೆ. ಮೈಕ್ ಅರ್ಧ ಗಂಟೆ ಅಂಕಿಅಂಶ ಹೇಳಿ ಕೂಗಾಡಿದರೂ ಆಗದ ಕೆಲಸ ಅದು. ಆ ಕಂತಿನ ಬರವಣಿಗೆಗೆ ಅಮೆರಿಕದ ಟಿವಿ ರಂಗದ ಎಮ್ಮಿ ಪ್ರಶಸ್ತಿ ಬಂತು. ಸ್ಟೇಪಲ್ಟನ್ ಅವರಿಗೂ 1971, 1972, 1978ರಲ್ಲಿ ಎಮ್ಮಿ ಸಿಕ್ಕಿತು.

ಮುಂದೆ ಇಂಥ ಕ್ಷಣಗಳು ಒಂದೊಂದಾಗಿ ಬಂದವು. ಜೂಜು ಬಿಟ್ಟೆನೆಂದು ಮಾತು ಕೊಟ್ಟಿದ್ದ ಗಂಡ ಮತ್ತೆ ಆಡಿದನೆಂದು ತಿಳಿದಾಗ ಅವನ ಕೆನ್ನೆಗೆ ಬಾರಿಸುತ್ತಾಳೆ. 1975ರಲ್ಲಿ ಸನ್‌ಶೈನ್ ಹೋಮ್ ಎಂಬ ವೃದ್ಧಾಶ್ರಮದಲ್ಲಿ ಸೇವೆಗೆ ಸೇರುತ್ತಾಳೆ. ಬಿಡು ಎಂದು ಆರ್ಚಿ ಹಟ ಹಿಡಿದರೆ ಬಿಡುವುದಿಲ್ಲ. ಬೇರೊಬ್ಬ ಹೆಂಗಸಿನತ್ತ ಅವನ ಮನಸ್ಸು ಜಾರಿದ್ದು ಗೊತ್ತಾದಾಗ ಮನೆಬಿಟ್ಟು ಆ ಆಶ್ರಮಕ್ಕೇ ಹೋಗಿ ಇರುತ್ತಾಳೆ. ಇವು ಒಂದರ ಹಿಂದೊಂದು ಬಂದವಲ್ಲ, ವರ್ಷಗಟ್ಟಲೆ ಅಂತರದಲ್ಲಿ ಬಂದವು. ಹಾಗಾಗಿಯೇ ನಂಬಬೇಕೆನಿಸುತ್ತದೆ. ಮೂವತ್ತು ವರ್ಷ ತಲೆತಗ್ಗಿಸಿ ಬಾಳಿದವಳು ಒಂದೇ ಕಂತಿನಲ್ಲಿ ಎದ್ದು ನಿಂತರೆ ಅದು ಭಾಷಣವಾಗುತ್ತಿತ್ತು.

ಈಗ ಈ ಧಾರಾವಾಹಿಯ ಮೇಲಿನ ಹಳೆಯ ಆಕ್ಷೇಪಕ್ಕೆ ಬರುತ್ತೇನೆ, ಏಕೆಂದರೆ ಅದು ಹಗುರವಾದ ಆಕ್ಷೇಪವಲ್ಲ. 1971ರಲ್ಲೇ ಲೇಖಕಿ ಲಾರಾ ಹಾಬ್ಸನ್ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಕಟುವಾಗಿ ಬರೆದರು: ದ್ವೇಷ ಕಾರುವವನನ್ನು ಮುದ್ದು ಬರುವಂತೆ ತೋರಿಸುವುದು ಪ್ರಾಮಾಣಿಕತೆಯಲ್ಲ ಎಂಬುದು ಅವರ ವಾದದ ತಿರುಳು. 1974ರಲ್ಲಿ ನೀಲ್ ವಿಡ್ಮಾರ್ ಮತ್ತು ಮಿಲ್ಟನ್ ರೋಕೀಚ್ ಎಂಬ ಸಂಶೋಧಕರು ಅಮೆರಿಕ ಮತ್ತು ಕೆನಡಾದ ನೋಡುಗರ ಅಧ್ಯಯನವೊಂದನ್ನು ಪ್ರಕಟಿಸಿದರು. ಪೂರ್ವಗ್ರಹ ಹೆಚ್ಚಿರುವವರು ಆರ್ಚಿಯನ್ನೇ ಮೆಚ್ಚುವ ಸಾಧ್ಯತೆ ಹೆಚ್ಚು, ಪ್ರತಿಯೊಬ್ಬರೂ ತಮಗೆ ಬೇಕಾದ್ದನ್ನೇ ಈ ಧಾರಾವಾಹಿಯಲ್ಲಿ ಕಾಣುತ್ತಾರೆ ಎಂಬುದು ಅದರ ಸಾರ. ಲಿಯರ್ ಆರ್ಚಿಯನ್ನು ಗೇಲಿ ಮಾಡಲು ಹೊರಟರೆ, ಲಕ್ಷಾಂತರ ಜನ ಅವನಿಗೆ ಚಪ್ಪಾಳೆ ತಟ್ಟಿದರು.

ಈ ಶೋಧನೆಯನ್ನು ನಾನು ಒಪ್ಪುತ್ತೇನೆ. ಆರ್ಚಿ ಮತ್ತು ಮೈಕ್‌ರ ವಾಗ್ವಾದದಲ್ಲಿ ಯಾರ ಮಾತು ಸರಿ ಎಂದು ಕೇಳಿದರೆ ಜನ ತಮ್ಮ ತಮ್ಮ ಪಕ್ಷ ಹಿಡಿಯುತ್ತಾರೆ, ಅದು ಸಹಜ. ಮೈಕ್‌ನಲ್ಲೂ ಕೊರತೆಗಳಿವೆ. ಸಮಾನತೆಯ ಬಗ್ಗೆ ಗಂಟೆಗಟ್ಟಲೆ ಮಾತಾಡುವ ಅವನು ತನ್ನ ಹೆಂಡತಿಯ ಮಾತಿಗೆ ಕಿವಿಗೊಡುವುದು ಕಡಿಮೆ, ಅತ್ತೆ ಬಡಿಸಿದ್ದನ್ನು ತಟ್ಟೆ ತುಂಬ ಹಾಕಿಸಿಕೊಳ್ಳುವುದು ಮಾತ್ರ ತಪ್ಪಿಸುವುದಿಲ್ಲ. ಆದರೆ ಈಡಿತ್‌ಳ ವಿರುದ್ಧ ಪಕ್ಷ ಹಿಡಿಯುವುದು ಹೇಗೆ? ಅವಳು ವಾದವನ್ನೇ ಹೂಡುವುದಿಲ್ಲ. ಎದುರಿಗಿರುವ ಮನುಷ್ಯನನ್ನು ನೋಡುತ್ತಾಳೆ, ನೋಡಿದ್ದನ್ನು ಹೇಳುತ್ತಾಳೆ. ಆರ್ಚಿಯನ್ನು ಮೆಚ್ಚುವ ನೋಡುಗನೂ ಅವಳನ್ನು ಪ್ರೀತಿಸದೆ ಇರಲಾರ. ಹಾಬ್ಸನ್ ಅವರ ಆತಂಕಕ್ಕೆ ಧಾರಾವಾಹಿ ಕೊಟ್ಟ ಉತ್ತರ ಯಾವುದಾದರೂ ಇದ್ದರೆ ಅದು ಈಡಿತ್, ಮತ್ತು ಆ ಉತ್ತರ ಪೂರ್ತಿಯಾಗಲು ಆರೇಳು ವರ್ಷ ಬೇಕಾಯಿತು.

1977ರ ಅಕ್ಟೋಬರ್ 9ರಂದು ಪ್ರಸಾರವಾದ 'ಕಸಿನ್ ಲಿಜ್' ಕಂತನ್ನು ನಾನು ಇಡೀ ಧಾರಾವಾಹಿಯ ಶಿಖರ ಎನ್ನುತ್ತೇನೆ. ಈಡಿತ್‌ಳ ಸೋದರಸಂಬಂಧಿ ಲಿಜ್ ತೀರಿಕೊಂಡಿದ್ದಾಳೆ. ಶಾಲಾ ಶಿಕ್ಷಕಿ, ಮದುವೆಯಾಗದವಳು, ಇನ್ನೊಬ್ಬ ಶಿಕ್ಷಕಿ ವೆರೋನಿಕಾ ಜೊತೆ ಒಂದೇ ಮನೆಯಲ್ಲಿ ವರ್ಷಗಟ್ಟಲೆ ಇದ್ದವಳು. ಹತ್ತಿರದ ರಕ್ತಸಂಬಂಧಿ ಈಡಿತ್ ಆದ್ದರಿಂದ ಲಿಜ್‌ಳ ಬೆಳ್ಳಿಯ ಟೀ ಸೆಟ್ ಅವಳಿಗೆ ಸೇರಬೇಕು. ಆರ್ಚಿಗೆ ಅದರ ಬೆಲೆಯ ಮೇಲೆ ಕಣ್ಣು. ವೆರೋನಿಕಾ ಈಡಿತ್‌ಳನ್ನು ಪಕ್ಕಕ್ಕೆ ಕರೆದು, ಆ ಸೆಟ್ ತನ್ನ ಬಳಿಯೇ ಇರಲಿ ಎಂದು ಕೇಳಿಕೊಳ್ಳುತ್ತಾಳೆ. ಏಕೆಂದು ಹೇಳಲು ತಡವರಿಸುತ್ತಾಳೆ. ನಮ್ಮದು ಮದುವೆಯ ಹಾಗೆಯೇ ಇತ್ತು ಎಂಬರ್ಥದ ಮಾತು ಅವಳ ಬಾಯಿಂದ ಹೊರಡುತ್ತದೆ.

ಆಗಿನ ಸ್ಟೇಪಲ್ಟನ್ ಮುಖವನ್ನು ನಾನು ಎಷ್ಟು ಸಲ ನೋಡಿದರೂ ಸಾಲದು. ಮೊದಲು ಅರ್ಥವಾಗುವುದಿಲ್ಲ. ಗೆಳತಿಯರೆಂದ ಮೇಲೆ ಪ್ರೀತಿ ಇದ್ದೇ ಇರುತ್ತದಲ್ಲ ಎಂಬ ಮುಗ್ಧ ಮುಖ. ಆಮೇಲೆ ನಿಧಾನವಾಗಿ, ಒಂದೊಂದೇ ಮೆಟ್ಟಿಲು ಹತ್ತಿದಂತೆ, ತಿಳಿಯುತ್ತಾ ಹೋಗುತ್ತದೆ. ಸ್ಟುಡಿಯೊದ ಪ್ರೇಕ್ಷಕರು ನಗುತ್ತಿದ್ದಾರೆ, ಏಕೆಂದರೆ ಈಡಿತ್ ಗಾಬರಿಯಾಗುವುದನ್ನು ಅವರು ಎದುರು ನೋಡುತ್ತಿದ್ದಾರೆ. ಗಾಬರಿ ಬರುತ್ತದೆ, ಒಂದು ಕ್ಷಣ ನಿಲ್ಲುತ್ತದೆ, ಹೋಗುತ್ತದೆ. ಅದು ಹೋದ ಜಾಗದಲ್ಲಿ ಉಳಿಯುವುದು ಮರುಕ: ಇಷ್ಟು ವರ್ಷ ಒಬ್ಬರನ್ನು ಪ್ರೀತಿಸಿಯೂ ಯಾರ ಮುಂದೆಯೂ ಅದನ್ನು ಹೇಳಿಕೊಳ್ಳಲಾಗದ ಹೆಂಗಸೊಬ್ಬಳು ಈಗ ಒಂಟಿ. ನಗುತ್ತಿದ್ದ ಪ್ರೇಕ್ಷಕರು ಸುಮ್ಮನಾಗುತ್ತಾರೆ. ಟೀ ಸೆಟ್ ನಿನ್ನದೇ ಎಂದು ಈಡಿತ್ ಹೇಳಿಬಿಡುತ್ತಾಳೆ.

ಆರ್ಚಿ ಕೆರಳುತ್ತಾನೆ. ಕೋರ್ಟಿಗೆ ಎಳೆಯುತ್ತೇನೆ, ಇಂಥವರು ನಮ್ಮ ಮಕ್ಕಳಿಗೆ ಪಾಠ ಹೇಳುವುದು ಯಾರಿಗೆ ಬೇಕು, ದೇವರಿಗಂತೂ ಬೇಡ, ಅವನು ಮೇಲೆ ಕೂತು ತೀರ್ಪು ಕೊಡುತ್ತಿದ್ದಾನೆ ಎನ್ನುತ್ತಾನೆ. ಈಡಿತ್ ಹೇಳುತ್ತಾಳೆ: "ಕೊಡುತ್ತಾನೆ, ನಿಜ. ಆದರೆ ಅವನು ದೇವರು. ನೀನಲ್ಲ." ಆಮೇಲೆ ಅವಳು ಕೇಳುವುದು ಬಹಳ ಸರಳವಾದದ್ದು: ಅವಳಿಗೆ ಈಗ ಯಾರೂ ಇಲ್ಲ, ಅವಳು ನಿನ್ನನ್ನು ನೋಯಿಸಿಲ್ಲ, ನೀನು ಅವಳನ್ನು ಏಕೆ ನೋಯಿಸಬೇಕು? ಇಷ್ಟು ನೀಚ ಕೆಲಸವನ್ನು ನೀನು ಮಾಡುತ್ತೀಯೆಂದು ನನಗೆ ನಂಬಲಾಗುವುದಿಲ್ಲ. ಆರ್ಚಿ ಸೋಲುತ್ತಾನೆ. ಅವನ ಅಭಿಪ್ರಾಯ ಒಂದಿಷ್ಟೂ ಬದಲಾಗಿಲ್ಲ. ಹೆಂಡತಿ ತನ್ನ ಮೇಲಿಟ್ಟ ನಂಬಿಕೆಯನ್ನು ಮುರಿಯಲು ಅವನಿಗೆ ಧೈರ್ಯ ಸಾಲುವುದಿಲ್ಲ, ಅಷ್ಟೇ. ಬರಹಗಾರರು ಅದಕ್ಕಿಂತ ಹೆಚ್ಚಿಗೆ ಆಸೆಪಡಲಿಲ್ಲ, ಅದಕ್ಕೇ ಆ ಕಂತು ಇಂದಿಗೂ ಹಳತಾಗಿಲ್ಲ.

ಆ ಹೊತ್ತಿನ ಅಮೆರಿಕವನ್ನೂ ನೆನೆಯಬೇಕು. ಅದೇ ವರ್ಷದ ಜೂನ್‌ನಲ್ಲಿ ಫ್ಲೋರಿಡಾದ ಡೇಡ್ ಕೌಂಟಿಯಲ್ಲಿ ಗಾಯಕಿ ಅನೀಟಾ ಬ್ರಯಂಟ್ ನೇತೃತ್ವದ ಚಳವಳಿ, ಸಲಿಂಗಿಗಳಿಗೆ ರಕ್ಷಣೆ ಕೊಡುತ್ತಿದ್ದ ಸ್ಥಳೀಯ ಕಾನೂನನ್ನು ಜನಮತದ ಮೂಲಕ ರದ್ದು ಮಾಡಿಸಿತ್ತು. ಮರುವರ್ಷ ಕ್ಯಾಲಿಫೋರ್ನಿಯಾದಲ್ಲಿ ಸಲಿಂಗಿ ಶಿಕ್ಷಕರನ್ನು ಶಾಲೆಗಳಿಂದ ತೆಗೆದುಹಾಕುವ ಪ್ರಸ್ತಾವವೇ ಮತಪತ್ರದ ಮೇಲೆ ಬಂತು, ಸೋತಿತು. ಇವೆರಡರ ನಡುವೆ, ಒಬ್ಬ ಶಿಕ್ಷಕಿಯ ಕೆಲಸ ಹೋಗುವಂತೆ ಮಾಡಲು ಹೊರಟ ಗಂಡನನ್ನು ತಡೆಯುವ ಗೃಹಿಣಿಯನ್ನು ದೇಶದ ಹಜಾರಗಳಿಗೆ ಕಳಿಸಿದ್ದು ಸಣ್ಣ ಧೈರ್ಯವಲ್ಲ. ಈ ಕಂತಿನ ಬರವಣಿಗೆಗೂ ಎಮ್ಮಿ ಬಂತು.

ಒಂದು ವಾರದ ನಂತರ ಬಂದದ್ದು ಈಡಿತ್‌ಳ ಐವತ್ತನೆಯ ಹುಟ್ಟುಹಬ್ಬದ ಕಂತು, ಒಂದು ಗಂಟೆಯದು. ಅಷ್ಟರಲ್ಲಿ ಪಕ್ಕದ ಮನೆಗೆ ಬೇರೆ ಹೋಗಿರುವ ಮಗಳು ಅಳಿಯ ಅಲ್ಲಿ ಗುಟ್ಟಾಗಿ ಔತಣ ಏರ್ಪಡಿಸಿದ್ದಾರೆ. ಇಲ್ಲಿ ಒಬ್ಬಳೇ ಇರುವ ಈಡಿತ್‌ಳ ಮನೆಗೆ ಪತ್ತೇದಾರನೆಂದು ಸುಳ್ಳು ಹೇಳಿ ಒಬ್ಬ ನುಗ್ಗುತ್ತಾನೆ, ಅತ್ಯಾಚಾರಕ್ಕೆ ಯತ್ನಿಸುತ್ತಾನೆ. ನಡುವೆ ಆರ್ಚಿ ಬಂದು ಹೋಗುತ್ತಾನೆ. ಬಂದೂಕು ಹಿಡಿದು ಅಡಗಿರುವವನು ಅವನಿಗೆ ಕಾಣುವುದಿಲ್ಲ, ಹೆಂಡತಿಯ ಕಣ್ಣಿನಲ್ಲಿರುವುದೂ ಕಾಣುವುದಿಲ್ಲ. ಒಲೆಯಲ್ಲಿ ಕೇಕ್ ಸೀದ ವಾಸನೆ ಬಂದಾಗ ಅವಳು ಅದನ್ನು ತೆಗೆದು ಸುಡುಸುಡುವಾಗಲೇ ಆ ದುರುಳನ ಮುಖಕ್ಕೆ ಅಪ್ಪಳಿಸಿ ಹೊರದಬ್ಬುತ್ತಾಳೆ. ಪ್ರೇಕ್ಷಕರ ಆ ಕಿರುಚಾಟವನ್ನು ನೀವೇ ಕೇಳಬೇಕು. ಅಲ್ಲಿಗೇ ನಿಲ್ಲಿಸಿದ್ದರೆ ಅದೊಂದು ಸಾಹಸದ ಕಥೆ. ಎರಡನೆಯ ಅರ್ಧದಲ್ಲಿ ಅವಳು ಮನೆಯೊಳಗೇ ಹೆದರಿ ಮುದುಡುತ್ತಾಳೆ, ಪೊಲೀಸರ ಬಳಿ ಹೋಗಲೊಲ್ಲಳು. ಬೇರೆ ಹೆಂಗಸರ ಗತಿಯೇನು ಎಂದು ಮಗಳು ಕಠಿಣವಾಗಿ ಮಾತಾಡಿದಾಗ ಅವಳ ಕೆನ್ನೆಗೆ ಹೊಡೆಯುತ್ತಾಳೆ, ಆಮೇಲೆ ಅವನನ್ನು ಗುರುತಿಸಲು ಹೊರಡುತ್ತಾಳೆ. ಈ ಭಾಗ ನೋಡುವುದು ಸುಲಭವಲ್ಲ. ಮನಸ್ಸು ಗಟ್ಟಿ ಮಾಡಿಕೊಂಡು ನೋಡಿ.

ಆ ಡಿಸೆಂಬರಿನಲ್ಲಿ ಬಂದ ಎರಡು ಭಾಗಗಳ ಕ್ರಿಸ್‌ಮಸ್ ಕಂತೂ ಇದೇ ಸಾಲಿಗೆ ಸೇರಬೇಕು. ಈಡಿತ್‌ಳ ಸ್ನೇಹಿತ, ಹೆಣ್ಣುವೇಷದ ಕಲಾವಿದ ಬೆವರ್ಲಿ ಲಸಾಲ್ ದುಷ್ಕರ್ಮಿಗಳ ಕೈಯಲ್ಲಿ ಸತ್ತಾಗ, ಚರ್ಚ್ ತಪ್ಪಿಸದ ಈಡಿತ್ ದೇವರ ಮೇಲೆಯೇ ಮುನಿಯುತ್ತಾಳೆ. ಅವಳನ್ನು ಮತ್ತೆ ನಂಬಿಕೆಯತ್ತ ತಿರುಗಿಸಲು ಮಾತಾಡುವವನು ನಾಸ್ತಿಕ ಮೈಕ್. ಮೈಕ್ ನನಗೆ ತುಂಬ ಇಷ್ಟವಾಗುವುದು ಅಲ್ಲಿಯೇ.

ಎಲ್ಲ ಕಂತುಗಳೂ ಈ ಎತ್ತರದಲ್ಲಿಲ್ಲ. 1978ರಲ್ಲಿ ಮಗಳು ಅಳಿಯ ಕ್ಯಾಲಿಫೋರ್ನಿಯಾಕ್ಕೆ ಹೊರಟ ಮೇಲೆ ಮನೆ ಬಿಕೋ ಎನ್ನುತ್ತದೆ. ಸ್ಟೆಫನಿ ಎಂಬ ಪುಟ್ಟ ಹುಡುಗಿಯನ್ನು ತಂದು ತುಂಬಿಸಲು ನೋಡಿದರು, ತುಂಬಲಿಲ್ಲ. 1979ರಲ್ಲಿ ಹೆಸರು 'ಆರ್ಚಿ ಬಂಕರ್ಸ್ ಪ್ಲೇಸ್' ಎಂದಾಯಿತು. ಪಾತ್ರದಲ್ಲಿ ಇನ್ನು ಹೊಸತೇನೂ ಉಳಿದಿಲ್ಲವೆನಿಸಿ ಸ್ಟೇಪಲ್ಟನ್ ಹೊರಬಂದರು. 1980ರ ನವೆಂಬರಿನ ಕಂತಿನಲ್ಲಿ ಈಡಿತ್ ಪಾರ್ಶ್ವವಾಯುವಿನಿಂದ ತೀರಿಹೋಗಿದ್ದಾಳೆ. ಅವಳ ಒಂದು ಚಪ್ಪಲಿ ಕೈಗೆ ಸಿಕ್ಕಾಗ ಆರ್ಚಿ ಒಡೆದುಹೋಗುತ್ತಾನೆ. ಆರ್ಚಿಯಾಗಿ ನಟಿಸಿದ ಕ್ಯಾರಲ್ ಓಕಾನರ್ ಅವರ ಅಭಿನಯಕ್ಕೆ ಕೈಮುಗಿಯಬೇಕು. ಆದರೆ ಅವಳಿಲ್ಲದ ಮುಂದಿನ ಕಂತುಗಳು ನನ್ನ ವಾದಕ್ಕೆ ಸಾಕ್ಷಿ. ಅದೇ ಆರ್ಚಿ, ಅದೇ ಮಾತಿನ ಚುರುಕು, ಆದರೆ ಅವನನ್ನು ತಡೆದು ನಿಲ್ಲಿಸುವವರಿಲ್ಲದೆ ಅವನ ಬೈಗುಳ ಬರಿಯ ಬೈಗುಳ.

ಅವಳ ಸಾವಿನ ಸಂದರ್ಭದಲ್ಲಿ ಲಿಯರ್ ಅವರ ಸಂಸ್ಥೆ ಈಡಿತ್ ಬಂಕರ್ ಹೆಸರಿನಲ್ಲಿ ಮಹಿಳಾ ಹಕ್ಕುಗಳ ಕೆಲಸಕ್ಕೆ ಐದು ಲಕ್ಷ ಡಾಲರ್ ನಿಧಿ ಕೊಟ್ಟಿತು. ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ವಸ್ತುಸಂಗ್ರಹಾಲಯ ಸೇರಿದ್ದು ಕೂಡ ಆರ್ಚಿಯ ಕುರ್ಚಿ ಒಂದೇ ಅಲ್ಲ, ಪಕ್ಕದ ಈಡಿತ್‌ಳ ಕುರ್ಚಿಯೂ.

ನೋಡುವ ಮನಸ್ಸಿದ್ದರೆ ಮೊದಲ ಕಂತಿನಿಂದ ಕ್ರಮವಾಗಿ ಹೋಗಬೇಡಿ. ಆರಂಭದ ಗದ್ದಲಕ್ಕೆ ಬೇಸತ್ತು ಬಿಟ್ಟುಬಿಡುತ್ತೀರಿ. 'ಈಡಿತ್ಸ್ ಪ್ರಾಬ್ಲಮ್' ನೋಡಿ, ಅಲ್ಲಿಂದ ನೇರವಾಗಿ 'ಕಸಿನ್ ಲಿಜ್'ಗೆ ಬನ್ನಿ. ನಿಮ್ಮ ಮೆಚ್ಚಿನ ಕಂತು ಬೇರೆ ಇದ್ದರೆ ಕಾಮೆಂಟಿನಲ್ಲಿ ಬರೆಯಿರಿ. ಆರ್ಚಿ ಮತ್ತು ಮೈಕ್ ಉಗ್ರಾಣದಲ್ಲಿ ಸಿಕ್ಕಿಬೀಳುವ ಕಂತನ್ನು ಯಾರಾದರೂ ಹೆಸರಿಸುತ್ತೀರೆಂದು ಗೊತ್ತು. ಅದರ ಬಗ್ಗೆ ಜಗಳವಾಡಲು ನಾನು ಸಿದ್ಧ.