ಮೂವತ್ತು ಹುಳು, ಒಂದು ಮೊರ, ಮೂರು ವಾರ

ನ್ಯೂಜೆರ್ಸಿಯಲ್ಲಿ ಮಕ್ಕಳಿರುವ ಮನೆಗೆ ಬೇಸಿಗೆ ಹೊತ್ತಿಗೆ ಅಂಚೆಯಲ್ಲಿ ಒಂದು ಪ್ಲಾಸ್ಟಿಕ್ ಲೋಟ ಬರುವುದುಂಟು. ಒಳಗೆ ಐದು ಪೇಂಟೆಡ್ ಲೇಡಿ ಚಿಟ್ಟೆಯ ಮರಿಹುಳು, ತಳದಲ್ಲಿ ಕಂದು ಬಣ್ಣದ ಮುದ್ದೆಯಂಥ ಮೇವು. ಮುಚ್ಚಳ ತೆಗೆಯಬೇಡಿ ಎಂಬುದೇ ಮೊದಲ ಸೂಚನೆ. ಹುಳು ಆ ಮೇವನ್ನೇ ತಿಂದು ದಪ್ಪಗಾಗಿ, ಮುಚ್ಚಳದ ಒಳಗಿನ ಕಾಗದಕ್ಕೆ ತಲೆಕೆಳಗಾಗಿ ನೇತುಬೀಳುತ್ತದೆ. ಕೋಶವಾದ ಮೇಲೆ ಆ ಕಾಗದವನ್ನು ಬಲೆಯ ಪಂಜರಕ್ಕೆ ಸಿಕ್ಕಿಸಬೇಕು, ಅಷ್ಟೇ. ಎಲ್ಲ ಸೇರಿ ಮೂರು-ನಾಲ್ಕು ವಾರದಲ್ಲಿ ಚಿಟ್ಟೆ ಹಾರಿಹೋಗುತ್ತದೆ. ನೋಡಲು ಸೊಗಸೇ. ಆದರೆ ಇದನ್ನು 'ಕೈಯಾರೆ ಮಾಡುವ ಚಟುವಟಿಕೆ' ಎಂದು ಮಾರುತ್ತಾರಲ್ಲ, ಅದು ಮಾತ್ರ ತಮಾಷೆ. ಮಗು ಲೋಟವನ್ನು ಮುಟ್ಟಿದ್ದೇ ಎರಡು ಸಲ.

ಶಿಡ್ಲಘಟ್ಟ, ಚಿಂತಾಮಣಿ ಕಡೆ ಪರಿಸ್ಥಿತಿ ಬೇರೆ ಥರ ವಿಚಿತ್ರ. ರೇಷ್ಮೆಹುಳು ಸಾಕುವ ಹುಳುಮನೆ ಪಕ್ಕದ ಬೀದಿಯಲ್ಲೇ ಇದೆ, ಅದರ ಮೇವಾದ ಹಿಪ್ಪುನೇರಳೆ ಸೊಪ್ಪು ಊರಾಚೆಗೇ ಇದೆ, ಹುಳುವಿನ ನಾಡಿ ಹಿಡಿದವರು ಮನೆಮನೆಯಲ್ಲೂ ಇದ್ದಾರೆ. ಆದರೂ ಏಪ್ರಿಲ್ ಬಂದರೆ ಚಿಕ್ಕಬಳ್ಳಾಪುರದ ಪೇಟೆ ಮಕ್ಕಳು ಹೋಗುವುದು ಥರ್ಮಾಕೋಲ್ ಕತ್ತರಿಸಿ ಬಣ್ಣ ಬಳಿಯುವ ಶಿಬಿರಕ್ಕೆ. ಭಾನುವಾರ ನಂದಿಬೆಟ್ಟದ ತಿರುವುಗಳಲ್ಲಿ ಕಾರಿನ ಹಿಂದೆ ಕಾರು. ರೇಷ್ಮೆ ಅಂದರೆ ದುಡಿಮೆ, ರಜೆ ಅಂದರೆ ಅದರಿಂದ ತಪ್ಪಿಸಿಕೊಳ್ಳುವುದು ಎಂಬ ಲೆಕ್ಕ. ಆ ಲೆಕ್ಕಕ್ಕೆ ಕಾರಣವಿಲ್ಲದೆ ಇಲ್ಲ. ನೂಲು ಬಿಚ್ಚುವ ಘಟಕಗಳಲ್ಲಿ ಎಳೆಯ ಕೈಗಳು ಬಿಸಿನೀರಲ್ಲಿ ಬೆಂದ ಕಾಲವೊಂದಿತ್ತು. ಹಾಗಾಗಿ ಮಕ್ಕಳನ್ನು ಬೇಸಿನ್ ಹತ್ತಿರ ಕಳಿಸಿ ಎಂದು ಯಾರೂ ಹೇಳುವುದಿಲ್ಲ, ನಾನಂತೂ ಹೇಳುವುದಿಲ್ಲ. ಹೇಳುವುದು ಇಷ್ಟು: ಒಂದು ಮೊರದಲ್ಲಿ ಮೂವತ್ತು ಹುಳು ಮೇಯಿಸಲಿ.

ಮನೆಗೆ ತರುವ ಹುಳು ಎರಡನೇ ಜ್ವರ ಎದ್ದಿರಬೇಕು. ಜ್ವರ ಎಂದರೆ ಕಾಯಿಲೆಯಲ್ಲ, ಪೊರೆ ಬಿಡುವ ಹೊತ್ತು. ಗೂಡು ಕಟ್ಟುವ ಮೊದಲು ನಾಲ್ಕು ಜ್ವರ ಬರುತ್ತದೆ. ಮೊಟ್ಟೆಯಿಂದ ಎರಡನೇ ಜ್ವರದವರೆಗಿನ ಚಾಕಿ ಹುಳು ಕೂದಲೆಳೆಯಷ್ಟು ನಾಜೂಕು, ಅದಕ್ಕೆ ಬೇಕಾದ ತೇವ-ಶಾಖ ಮನೆಯಲ್ಲಿ ಹೊಂದಿಸುವುದು ಕಷ್ಟ. ಚಾಕಿ ಕೇಂದ್ರದವರು ನೂರು ಮೊಟ್ಟೆಯ ಲೆಕ್ಕದಲ್ಲಿ ಕೊಡುತ್ತಾರೆ. ಒಂದು 'ಮೊಟ್ಟೆ' ಅಂದರೆ ಒಂದು ಚಿಟ್ಟೆ ಇಟ್ಟ ನಾನೂರು-ಐನೂರು ತತ್ತಿ, ನಿಮಗದು ಬೇಡ. ಚಾಕಿ ತಂದ ರೈತರ ಮನೆಯಲ್ಲಿ ಕೇಳಿದರೆ ಒಂದು ಹಿಡಿ ಕೊಡುತ್ತಾರೆ. ಬೇಸಿಗೆಗೆ ಮಿಶ್ರತಳಿ ಒಳ್ಳೆಯದು. ದ್ವಿತಳಿಯ (ವರ್ಷಕ್ಕೆ ಎರಡು ಪೀಳಿಗೆ ಕಾಣುವ ತಳಿ) ಬಿಳಿ ಗೂಡು ಚೆಂದ, ಆದರೆ ಅದು ಸೆಖೆ ತಡೆಯುವುದು ಕಡಿಮೆ.

ಸೊಪ್ಪಿನ ಲೆಕ್ಕದಲ್ಲೇ ಎಲ್ಲರೂ ಮೋಸಹೋಗುವುದು. ಒಂದು ಹುಳು ಜೀವಮಾನದಲ್ಲಿ ತಿನ್ನುವುದು ಸುಮಾರು 25ರಿಂದ 30 ಗ್ರಾಂ ಸೊಪ್ಪು. ಮೂವತ್ತಕ್ಕೆ ಒಂದು ಕೆಜಿ ಇಟ್ಟುಕೊಳ್ಳಿ. ಮೊದಲ ಹತ್ತು ದಿನ ನಾಲ್ಕೆಲೆ ಹಾಕಿದರೂ ಮಿಗುತ್ತದೆ. ಆದರೆ ಆ ಕೆಜಿಯಲ್ಲಿ ಮುಕ್ಕಾಲಿಗೂ ಹೆಚ್ಚು ಬೇಕಾಗುವುದು ನಾಲ್ಕನೇ ಜ್ವರ ಎದ್ದ ಮೇಲಿನ ಒಂದು ವಾರಕ್ಕೆ. ಆ ವಾರವೇ ಮದುವೆ, ಜಾತ್ರೆ ಎಂದು ಊರಿಗೆ ಹೊರಟರೆ ಹುಳು ಉಪವಾಸ. ಮೊದಲೇ ಕ್ಯಾಲೆಂಡರ್ ನೋಡಿ, ಹುಳು ತಂದ ದಿನದಿಂದ ಹದಿನೇಳು-ಹದಿನೆಂಟು ದಿನ ಎಣಿಸಿ.

ಸೊಪ್ಪು ಎಲ್ಲಿಯದು ಎಂಬುದು ಅದಕ್ಕಿಂತ ಮುಖ್ಯ. ಚಿಕ್ಕಬಳ್ಳಾಪುರ ದ್ರಾಕ್ಷಿ, ಗುಲಾಬಿ, ಟೊಮೆಟೊ ಬೆಳೆಯುವ ಸೀಮೆ. ಪಕ್ಕದ ತೋಟಕ್ಕೆ ಹೊಡೆದ ಔಷಧಿ ಗಾಳಿಯಲ್ಲಿ ಬಂದು ಹಿಪ್ಪುನೇರಳೆ ಮೇಲೆ ಕೂತರೆ ಕಣ್ಣಿಗೆ ಕಾಣುವುದಿಲ್ಲ. ಸೊಪ್ಪು ಹಾಕಿದ ಸ್ವಲ್ಪ ಹೊತ್ತಿಗೆ ಹುಳು ತಲೆ ಆಡಿಸಿ, ಹಸಿರು ರಸ ಕಕ್ಕಿ, ಮುದುಡಿಕೊಂಡರೆ ಅದೇ ಕಾರಣ. ಮಾಡುವಂಥದ್ದು ಏನೂ ಉಳಿದಿರುವುದಿಲ್ಲ. ಮನೆಯೊಳಗಿನ ಶತ್ರು ಸೊಳ್ಳೆ ಬತ್ತಿ. ಅದು ಉರಿಯುವ ಕೋಣೆಯಲ್ಲಿ ಮೊರ ಇಡಬಾರದು. ಮಗು ಕೈಗೆ ಸೊಳ್ಳೆ ಮುಲಾಮು ಹಚ್ಚಿಕೊಂಡಿದ್ದರೆ ಸೋಪು ಹಾಕಿ ತೊಳೆದೇ ಸೊಪ್ಪು ಮುಟ್ಟಬೇಕು.

ಸೊಪ್ಪನ್ನು ಬೆಳಗಿನ ತಂಪಲ್ಲೋ ಸಂಜೆಯೋ ಕೊಯ್ದು ಒದ್ದೆ ಗೋಣಿಚೀಲದಲ್ಲಿ ಸುತ್ತಿಡಿ. ದಿನಕ್ಕೆ ಮೂರು ಸಲ ಹಾಕಿ. ನೀರಿನ ಹನಿ ಇರುವ ಎಲೆ ಬೇಡ. ಮೊರವನ್ನು ನಾಲ್ಕು ಇಟ್ಟಿಗೆಯ ಮೇಲೆ, ಇಟ್ಟಿಗೆಗಳನ್ನು ನೀರು ತುಂಬಿದ ತಟ್ಟೆಗಳಲ್ಲಿ ಇಟ್ಟರೆ ಇರುವೆ ಹತ್ತುವುದಿಲ್ಲ. ಮೇಲೆ ಸೊಳ್ಳೆಪರದೆಯ ತುಂಡು ಕಟ್ಟಿ. 1980ರಲ್ಲಿ ಕರ್ನಾಟಕಕ್ಕೆ ಕಾಲಿಟ್ಟ ಊಜಿ ನೊಣ ಇನ್ನೂ ಹೋಗಿಲ್ಲ. ಅದು ಹುಳುವಿನ ಮೈಮೇಲೆ ಮೊಟ್ಟೆ ಇಟ್ಟರೆ ಆ ಜಾಗದಲ್ಲಿ ಕಪ್ಪು ಚುಕ್ಕೆ ಮೂಡುತ್ತದೆ, ಕೊನೆಗೆ ಗೂಡು ತೂತು. ಹಿಕ್ಕೆ ತೆಗೆಯಲು ಹುಳುವನ್ನು ಒಂದೊಂದಾಗಿ ಎತ್ತಬೇಡಿ. ಹೊಸ ಎಲೆ ಹರಡಿದರೆ ಹುಳು ತಾನೇ ಹತ್ತುತ್ತದೆ, ಆಗ ಎಲೆ ಸಮೇತ ಪಕ್ಕದ ಮೊರಕ್ಕೆ.

ಮಕ್ಕಳಿಗೆ ಅತಿ ಕಷ್ಟವಾಗುವುದು ಜ್ವರದ ದಿನ. ಹುಳು ತಲೆ ಎತ್ತಿ, ಮಿಸುಕದೆ, ಏನೂ ತಿನ್ನದೆ ಹೆಚ್ಚುಕಡಿಮೆ ಒಂದು ದಿನ ಕೂತುಬಿಡುತ್ತದೆ. ಸತ್ತೇಹೋಯಿತೆಂದು ಚುಚ್ಚುತ್ತಾರೆ, ಎಲೆ ಮೇಲೆ ಎಲೆ ಹೊದಿಸುತ್ತಾರೆ. ಎರಡೂ ತಪ್ಪು. ಚುಚ್ಚಿದರೆ ಪೊರೆ ಸರಿಯಾಗಿ ಬಿಡುವುದಿಲ್ಲ. ಎಲೆ ಹೊದಿಸಿದರೆ ಹಾಸು ತೇವವಾಗುತ್ತದೆ. ತೆಳ್ಳಗೆ ಸುಣ್ಣದ ಪುಡಿ ಉದುರಿಸಿ ಹಾಸು ಒಣಗಿಸಿ, ಹೆಚ್ಚುಕಡಿಮೆ ಎಲ್ಲ ಹುಳುವೂ ಎದ್ದ ಮೇಲೇ ಮೇವು ಹಾಕಬೇಕು. ಮೊದಲು ಎದ್ದ ನಾಲ್ಕಕ್ಕೆ ಪಾಪ ಎಂದು ಸೊಪ್ಪು ಕೊಟ್ಟರೆ ಮುಂದಿನ ಜ್ವರದಲ್ಲಿ ಒಂದೊಂದು ಹುಳು ಒಂದೊಂದು ದಿನ ಕೂರುತ್ತದೆ.

ಏಪ್ರಿಲ್-ಮೇ ಸೆಖೆಯಲ್ಲಿ ಕಾಡುವುದು ಹಾಲುತೊಂಡೆ ಎಂಬ ರೋಗ. ಬೆಳೆದ ಹುಳುವಿಗೆ 24-26 ಡಿಗ್ರಿ ಹಿತ, ನಮ್ಮಲ್ಲಿ ಹೊರಗೆ 35. ಕಿಟಕಿಗೆ ಒದ್ದೆ ಗೋಣಿ ಕಟ್ಟಿ, ಗಾಳಿ ಆಡಲಿ. ಮೈ ಹೊಳೆಯುತ್ತ, ಗೆಣ್ಣು ಗೆಣ್ಣಾಗಿ ಊದಿಕೊಂಡು, ಮೊರದ ಅಂಚಿನಲ್ಲಿ ಸುತ್ತುವ ಹುಳು ಕಂಡರೆ ಕಡ್ಡಿಯಲ್ಲಿ ತೆಗೆದು ಸುಣ್ಣದ ನೀರಿಗೆ ಹಾಕಿ. ಅದರಿಂದ ಸೋರುವ ಹಾಲಿನಂಥ ರಸ ಎಲೆಗೆ ತಗುಲಿದರೆ ಮಿಕ್ಕವಕ್ಕೂ ಅದೇ ಗತಿ. ಮೂವತ್ತರಲ್ಲಿ ನಾಲ್ಕೈದು ಹೋದರೆ ಬೇಸರ ಬೇಡ.

ಹಣ್ಣಾದ ಹುಳು ತಿನ್ನುವುದು ಬಿಟ್ಟು, ಮೈ ತುಸು ಕಿರಿದಾಗಿ, ದೀಪಕ್ಕೆ ಹಿಡಿದ ದ್ರಾಕ್ಷಿಯಂತೆ ಒಳಗು ಕಾಣಿಸುತ್ತದೆ. ಗೂಡು ಕಟ್ಟಲು ಹುಳು ಬಿಡುವ ಬಿದಿರಿನ ಚಂದ್ರಿಕೆ ಸಿಗದಿದ್ದರೆ ಮೊಟ್ಟೆ ಟ್ರೇ ಸಾಕು, ಗುಳಿಗೊಂದು ಹುಳು; ಕೆಳಗೆ ಕಾಗದ, ಏಕೆಂದರೆ ಗೂಡು ಕಟ್ಟುವ ಮುಂಚೆ ಹುಳು ಒಮ್ಮೆ ಮೂತ್ರ ಬಿಡುತ್ತದೆ, ಅದು ಬಿದ್ದ ಗೂಡು ಕಲೆ. ಒತ್ತೊತ್ತಾಗಿ ಬಿಟ್ಟರೆ ಎರಡು ಹುಳು ಸೇರಿ ಒಂದೇ ಜೋಡಿ ಗೂಡು ಕಟ್ಟುತ್ತವೆ, ಅದರ ನೂಲು ಸಲೀಸಾಗಿ ಬಿಚ್ಚುವುದಿಲ್ಲ. ಐದಾರು ಹುಳುವನ್ನು ಬೇರೆ ಮಾಡಿ, ಪಾತ್ರೆಯ ಬಾಯಿಗೆ ಬಿಗಿಯಾಗಿ ಕಟ್ಟಿದ ಕಾಗದದ ಮೇಲೆ ಬಿಡಿ. ಮೂಲೆ ಸಿಗದ ಕಾರಣ ಗೂಡು ಕಟ್ಟಲಾಗದೆ ಅಲ್ಲೇ ಎಳೆ ಹಾಸುತ್ತ ಹೋಗುತ್ತವೆ. ಅಂಚಿಂದ ಬಿದ್ದವನ್ನು ಮತ್ತೆ ಮೇಲೆ ಬಿಡುವ ಕೆಲಸ ಮಗುವಿನದು. ಎರಡು-ಮೂರು ದಿನಕ್ಕೆ ಅಪ್ಪಟ ರೇಷ್ಮೆಯ ಹಪ್ಪಳ, ಪಕ್ಕದಲ್ಲಿ ಬೆತ್ತಲೆ ಕೋಶ. ಹುಳು ಬೇಯಿಸದೆ ರೇಷ್ಮೆ ಸಿಗುವುದಿಲ್ಲವೇ ಎಂಬ ಪ್ರಶ್ನೆ ಹೇಗೂ ಬರುತ್ತದೆ, ಆಗ ಇದನ್ನು ತೋರಿಸಬಹುದು. ಆಮೇಲೆ ಬರುವ ಚಿಟ್ಟೆ ಹಾರುವುದಿಲ್ಲ, ತಿನ್ನುವುದೂ ಇಲ್ಲ. ಇಟ್ಟ ತತ್ತಿಯನ್ನು ಮಾತ್ರ ಬಿಸಿನೀರಿಗೆ ಹಾಕಿ. ಗಂಟುರೋಗ ತಾಯಿಯಿಂದ ತತ್ತಿಗೆ ದಾಟುತ್ತದೆ, ಅದಕ್ಕೇ ಮೊಟ್ಟೆ ಕೇಂದ್ರದಲ್ಲಿ ತಾಯಿ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡುವುದು. 1860ರ ದಶಕದಲ್ಲಿ ಲೂಯಿ ಪಾಶ್ಚರ್ ಹಾಕಿಕೊಟ್ಟ ಪದ್ಧತಿ ಅದು.

ಇಷ್ಟು ಸರಂಜಾಮು ಇರುವ ನಾಡಿಗೆ ಅಮೆರಿಕದಿಂದ ತರಬೇಕಾದ್ದು ಒಂದೇ ಅನಿಸುತ್ತದೆ, ಒಂದು ನೋಟ್‌ಬುಕ್ಕು. ಅಲ್ಲಿ 1902ರಲ್ಲಿ ಒಹಾಯೊದ ಹಳ್ಳಿಮಕ್ಕಳಿಂದ ಶುರುವಾದ ಫೋರ್-ಎಚ್ ಕ್ಲಬ್ಬುಗಳಲ್ಲಿ ಮಗು ಒಂದು ಮೊಲವನ್ನೋ ಕೋಳಿಯನ್ನೋ ಸಾಕಿ, ಏನು ತಿನ್ನಿಸಿದೆ, ಎಷ್ಟು ಖರ್ಚು, ಯಾವುದು ಸತ್ತಿತು, ಯಾಕೆ ಎಂದು ದಿನಚರಿ ಬರೆಯುತ್ತದೆ. ಬೇಸಿಗೆಯ ಕೌಂಟಿ ಜಾತ್ರೆಯಲ್ಲಿ ತೀರ್ಪುಗಾರರು ಅದನ್ನೇ ಹಿಡಿದು ಕೇಳುತ್ತಾರೆ. ಹಲವು ಕಡೆ ಮೊದಲು-ಎರಡು-ಮೂರು ಎಂಬ ಸ್ಥಾನವಿಲ್ಲ. ಕೆಲಸದ ಮಟ್ಟ ನೋಡಿ ನೀಲಿ, ಕೆಂಪು, ಬಿಳಿ ರಿಬ್ಬನ್, ಮಟ್ಟ ಮುಟ್ಟಿದವರೆಲ್ಲರಿಗೂ ನೀಲಿ. ನಮ್ಮ ಶಿಬಿರಗಳ ಕೊನೆಯ ದಿನದ ಪ್ರಮಾಣಪತ್ರ, ಫೋಟೊ, ಸಮೋಸಕ್ಕಿಂತ ಇದು ಮೇಲು. ಚಿಂತಾಮಣಿಯಲ್ಲಿ ರೇಷ್ಮೆ ಕೃಷಿ ಕಲಿಸುವ ಕಾಲೇಜೇ ಇದೆ, ಹಾಗೆ ಪ್ರಶ್ನೆ ಕೇಳಬಲ್ಲವರಿಗೆ ಬರವಿಲ್ಲ. (ಅತ್ತ ಒಂದು ಕಾಲಕ್ಕೆ 'ಸಿಲ್ಕ್ ಸಿಟಿ' ಎನಿಸಿಕೊಂಡ ಪ್ಯಾಟರ್ಸನ್ ಇರುವ ನ್ಯೂಜೆರ್ಸಿಯಲ್ಲಿ ಹಿಪ್ಪುನೇರಳೆ ಬೇಲಿಸಾಲಿನ ಕಳೆಮರ. ರೇಷ್ಮೆಹುಳು ಸಾಕುವ ಮಕ್ಕಳಿಗೆ ಅದರ ಎಲೆಯ ಪುಡಿಯನ್ನು ಪೊಟ್ಟಣ ಕಟ್ಟಿ ಮಾರುತ್ತಾರೆ.)

ಮನೆಯವರೆಲ್ಲ ಹೊರಡುವುದಿದ್ದರೆ ಗೂಡು ಬಿಡಿಸಿದ ಮೇಲೆ, ಅಂದರೆ ಹುಳು ಕಟ್ಟಲು ಕೂತ ಐದಾರನೇ ದಿನದ ನಂತರ, ಶಿಡ್ಲಘಟ್ಟದ ಸರ್ಕಾರಿ ಗೂಡಿನ ಮಾರುಕಟ್ಟೆಗೆ ಬೆಳಿಗ್ಗೆಯೇ ಹೋಗಿ. ಮಧ್ಯಾಹ್ನಕ್ಕೆ ಗೂಡು ಹರಡಿದ ಜಾಲರಿ ಖಾಲಿ. ರೈತರ ಹುಳುಮನೆಗೆ ಮಾತ್ರ ನಿಮ್ಮ ಹುಳು, ಹಿಕ್ಕೆ, ಮೊರ ಏನನ್ನೂ ಒಯ್ಯಬೇಡಿ. ಕರೆಯದೆ ಒಳಗೆ ಕಾಲಿಡಬೇಡಿ. ವಾಪಸು ಬರುತ್ತ ಮುದ್ದೇನಹಳ್ಳಿಯಲ್ಲಿ ವಿಶ್ವೇಶ್ವರಯ್ಯನವರ ಮನೆ ನೋಡಬಹುದು, ನಂದಿ ಗ್ರಾಮದ ಭೋಗನಂದೀಶ್ವರನ ಕಲ್ಯಾಣಿಯ ಮೆಟ್ಟಿಲ ಮೇಲೆ ಬುತ್ತಿ ಬಿಚ್ಚದೆ ಸುಮ್ಮನೆ ಕೂರಬಹುದು.

ಮಾರುಕಟ್ಟೆಯಲ್ಲಿ ರೀಲರ್‌ಗಳು, ಅಂದರೆ ನೂಲು ಬಿಚ್ಚುವವರು, ಲಾಟಿನಿಂದ ಲಾಟಿಗೆ (ಒಬ್ಬೊಬ್ಬ ರೈತ ತಂದ ಗೂಡಿನ ರಾಶಿಯೇ ಒಂದು ಲಾಟು) ಹೋಗಿ ಒಂದು ಹಿಡಿ ಗೂಡು ಎತ್ತಿ, ಅದುಮಿ, ಕಿವಿ ಹತ್ತಿರ ಅಲ್ಲಾಡಿಸಿ ಮುಂದೆ ಹೋಗುತ್ತಾರೆ. ಒಳಗಿನ ಕೋಶ ಗಟ್ಟಿಯಾಗಿ ಲೊಟಲೊಟ ಎಂದರೆ ಸರಿ, ಸದ್ದಿಲ್ಲದೆ ಅಂಟಿಕೊಂಡಿದ್ದರೆ ಒಳಗೇ ಕರಗಿದ ಹುಳು. ಮೂರು ವಾರ ಮೊರ ಕಾದ ಮಗು ಆ ಜಾಲರಿಗೆ ಮುಖವಿಟ್ಟು ಕಲೆಯದನ್ನು, ಜೋಡಿಯದನ್ನು, ಊಜಿ ತೂತಿನದನ್ನು ಬೆರಳಲ್ಲಿ ತೋರಿಸುತ್ತದೆ. ಲಾಟಿನ ರೈತ ಹತ್ತಿರದಲ್ಲೇ ನಿಂತಿರುತ್ತಾನೆ, ದನಿ ಸ್ವಲ್ಪ ಸಣ್ಣದಿರಲಿ ಎಂದು ಮೊದಲೇ ಹೇಳಿಟ್ಟಿರಿ.