ಮುಸ್ಸಂಜೆ ಹೊತ್ತಲ್ಲಿ ಲೈಟ್ ಆರಿಸಬಾರದು

ದುಡ್ಡು ಹೊಗೆಯಾಗುವುದು ಅಂದರೇನು ಅಂತ ಡ್ರೈ ಐಸ್ (ಹೆಪ್ಪುಗಟ್ಟಿಸಿದ ಕಾರ್ಬನ್ ಡೈಆಕ್ಸೈಡ್) ಮನೆಗೆ ತಂದವರಿಗೇ ಗೊತ್ತು. ಮೊನ್ನೆ ಭಾನುವಾರ ಮೂರು ಕೆಜಿ ತಂದೆ. ಥರ್ಮಕೋಲ್ ಡಬ್ಬದಿಂದ ಹೊಗೆ ಸೋರುವುದನ್ನು ಕನ್ನಡಿಯಲ್ಲಿ ಕಂಡ ಆಟೋದವನು "ಸಾರ್, ಏನದು?" ಅಂದ. ಐಸು ಅಂದೆ. ನಂಬಲಿಲ್ಲ. ಮೀಟರ್ ಮೇಲೆ ಇಪ್ಪತ್ತು ಕೇಳಿದ.

ಇಷ್ಟಕ್ಕೂ ಕಾರಣ ಒಂಬತ್ತನೇ ಕ್ಲಾಸಿನ ಮಗಳು. ವಿಕಿರಣ ಕಣ್ಣಿಗೆ ಕಾಣೋದಿಲ್ಲ ಅಂತ ಟೀಚರ್ ಹೇಳಿದ್ದರಂತೆ. ನನ್ನ ಬಾಯಿ ಸುಮ್ಮನಿರಬೇಕಲ್ಲ. "ಅದು ಕಾಣಲ್ಲ, ಓಡಿದ ದಾರಿ ಕಾಣುತ್ತೆ. ವಿಲ್ಸನ್ ಅನ್ನೋ ಪುಣ್ಯಾತ್ಮ 1911ರಲ್ಲೇ ನೋಡಿದ್ದಾನೆ, ಅದಕ್ಕೇ 1927ರಲ್ಲಿ ನೊಬೆಲ್ ಕೊಟ್ಟರು. ನಾವೂ ನೋಡೋಣ" ಅಂದುಬಿಟ್ಟೆ.

ಮೈನಸ್ 78 ಡಿಗ್ರಿಯ ಡ್ರೈ ಐಸ್ ಪುಡಿಯ ಮೇಲೆ ಹೆಂಡತಿಯ ದೋಸೆ ಕಾವಲಿ (ಹತ್ತು ವರ್ಷ ಪಳಗಿದ್ದು, ಆ ಜಗಳ ಇನ್ನೂ ಮುಗಿದಿಲ್ಲ). ಅದರ ಮೇಲೆ ಮೀನಿನ ಗಾಜಿನ ತೊಟ್ಟಿ ಬೋರಲು. ತೊಟ್ಟಿಯ ತಳಕ್ಕೆ ಅಂಟಿಸಿದ ಬಟ್ಟೆಗೆ ಎಸ್‌ಪಿ ರೋಡಿನಿಂದ ತಂದ ಐಸೊಪ್ರೊಪೈಲ್ ಆಲ್ಕೋಹಾಲ್. ಸಂದಿಗೆ ಚಪಾತಿ ಹಿಟ್ಟು. ಆವಿ ಕೆಳಗಿಳಿದು ತಣಿಯುತ್ತದೆ, ವಿಕಿರಣದ ಕಣ ಹಾದುಹೋದ ದಾರಿಯಲ್ಲಿ ಹನಿಗಟ್ಟುತ್ತದೆ, ಆಕಾಶದಲ್ಲಿ ಜೆಟ್ ಬಿಟ್ಟ ಗೆರೆಯ ಹಾಗೆ. ವಿಕಿರಣಕ್ಕೆ ಅಟ್ಟದ ಮೇಲಿದ್ದ ಹಳೇ ಪೆಟ್ರೋಮ್ಯಾಕ್ಸ್ ಮ್ಯಾಂಟಲ್ (ದೀಪದೊಳಗೆ ಬೆಳಗುವ ಬಲೆಯ ಚೀಲ). ಆಗಿನ ಮ್ಯಾಂಟಲ್‌ಗಳಲ್ಲಿ ವಿಕಿರಣ ಸೂಸುವ ಥೋರಿಯಂ ಇರುತ್ತಿತ್ತು.

ಕಾಲು ಗಂಟೆ ಕಾದರೂ ಗೆರೆಯಿಲ್ಲ. ಥೋರಿಯಂ ಉಗುಳುವ ಆಲ್ಫಾ ಕಣಕ್ಕೆ ಒಂದು ಹಾಳೆ ಅಡ್ಡ ಬಂದರೂ ಸಾಕು, ಮುಂದೆ ಹೋಗದು. ಮಹಾನುಭಾವ ನಾನು ಮ್ಯಾಂಟಲನ್ನು ಪ್ಲಾಸ್ಟಿಕ್ ಕವರ್ ಸಮೇತ ಇಟ್ಟಿದ್ದೆ. ಗ್ಲೌಸ್ ಹಾಕಿ, ಕವರ್ ಬಿಚ್ಚಿ, ಮತ್ತೆ ಹಿಟ್ಟು ಮೆತ್ತಿ, ಲೈಟ್ ಆರಿಸಿ, ಮೊಬೈಲ್ ಟಾರ್ಚ್ ಅಡ್ಡಕ್ಕೆ ಹಿಡಿದು ಕೂತೆವು. ಆಗ ಆರೂಕಾಲು.

ಟಕ್. ಟ್ಯೂಬ್‌ಲೈಟ್.

"ಮುಸ್ಸಂಜೆ ಹೊತ್ತಲ್ಲಿ ಮನೆ ಕತ್ತಲು ಮಾಡ್ಕೊಂಡು ಕೂತ್ಕೋತಾರೇನೋ?" ಅಮ್ಮ. ವಿವರಿಸಿದೆ. ಆಯ್ತಪ್ಪ ಅಂದು ಹೋದರು. ಆರಿಸಿದೆ. ಐದು ನಿಮಿಷಕ್ಕೆ ಟಕ್. "ಲಕ್ಷ್ಮಿ ಬರೋ ಹೊತ್ತು." ಆರಿಸಿದೆ. ಟಕ್. "ಮಗು ಕಣ್ಣು ಹಾಳಾಗುತ್ತೆ." ಟಕ್. "ನನ್ನ ಕನ್ನಡಕ ಇಲ್ಲಿಟ್ಟಿದ್ನಾ?" ಕನ್ನಡಕ ಮೂಗಿನ ಮೇಲೇ ಇತ್ತು. ಬಲ್ಬ್ ಬಿಚ್ಚಿಟ್ಟರೆ ಪಕ್ಕದ ಸ್ವಿಚ್, ಅದೂ ಆರಿಸಿದರೆ ವರಾಂಡದ್ದು. ಕೆಳಗೆ ಡ್ರೈ ಐಸ್ ನನ್ನ ಸಂಬಳದಂತೆ ಕರಗುತ್ತಿತ್ತು. ಆಕಾಶದಿಂದ ಸುರಿಯುವ ಮ್ಯೂವಾನ್ ಎಂಬ ಕಣಗಳ ಕಾಟ ತಪ್ಪಿಸಿಕೊಳ್ಳಲು ವಿಜ್ಞಾನಿಗಳು ಕೆಜಿಎಫ್ ಗಣಿಯಲ್ಲಿ 2 ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದು 1965ರಲ್ಲಿ ನ್ಯೂಟ್ರಿನೊ ಎಂಬ ಇನ್ನೊಂದು ಕಣವನ್ನು ಹಿಡಿದರಂತೆ. ಅಲ್ಲಿಗೂ ಅಮ್ಮ ಬಂದು ಸ್ವಿಚ್ ಹುಡುಕುತ್ತಿದ್ದರು.

ಅಷ್ಟರಲ್ಲಿ ಕರೆಂಟ್ ಹೋಯಿತು.

ಕರೆಂಟ್ ಹೋಗಿದ್ದಕ್ಕೆ ಜೀವಮಾನದಲ್ಲಿ ಮೊದಲ ಸಲ ಕೈಮುಗಿದೆ. ಬೇರೆ ಗತಿಯಿಲ್ಲದೆ ಅಮ್ಮನೂ ಬಂದು ಕೂತರು. ಟಾರ್ಚ್ ಬೆಳಕಲ್ಲಿ ಮಂಜು ಸಣ್ಣಗೆ ಇಳಿಯುತ್ತಿತ್ತು. ಮ್ಯಾಂಟಲಿನ ಬದಿಯಿಂದ ಛಕ್ಕನೆ ಒಂದು ದಪ್ಪ ಬಿಳಿ ಗೆರೆ, ಬೆರಳುದ್ದ. ಮತ್ತೊಂದು. ಆಮೇಲೆ ಗಾಳಿಯ ನಡುವೆಯೇ, ಏನೂ ಇಲ್ಲದ ಕಡೆ, ಒಂದೇ ಬಿಂದುವಿನಿಂದ ಎರಡು ಗೆರೆ, ಕವಣೆ ಕೋಲಿನ ಹಾಗೆ. ಥೋರಿಯಂನಿಂದ ಹುಟ್ಟಿದ ಥೋರಾನ್ ಅನಿಲದ ಪರಮಾಣು ಒಡೆದು, ಅದರ ಮರಿಯೂ ಕಣ್ಣು ಮಿಟುಕಿಸುವಷ್ಟರಲ್ಲಿ ಒಡೆದದ್ದು. ಮಗಳು ಉಸಿರು ಬಿಡಲಿಲ್ಲ.

"ಈ ಪ್ಯಾಕೆಟ್ ನಿಮ್ಮಪ್ಪ ತಂದಿದ್ದಲ್ವೇನೋ?" ಅಮ್ಮ ಖಾಲಿ ಕವರ್ ತಿರುಗಿಸಿ ನೋಡುತ್ತಿದ್ದರು. "ನಿನ್ನ ನಾಮಕರಣಕ್ಕೆ ಎರಡು ತಂದಿದ್ರು. ಕರೆಂಟ್ ಹೋದ್ರೆ ಇರಲಿ ಅಂತ. ಒಂದೇ ಸಾಕಾಯ್ತು."

ಥೋರಿಯಂ ಅರ್ಧ ಸವೆಯಲು 1400 ಕೋಟಿ ವರ್ಷ ಬೇಕು. ಅಪ್ಪ ಹೋಗಿ ಒಂಬತ್ತು ವರ್ಷವಾಯಿತು. ಯಾರೂ ಮಾತಾಡಲಿಲ್ಲ. ಇನ್ನೊಂದು ಕವಣೆ ಮೂಡಿತು. "ಶ್ಯಾವಿಗೆ ಎಳೆ ಇದ್ದ ಹಾಗಿದೆ" ಅಂದರು ಅಮ್ಮ, ಮೆಲ್ಲಗೆ.

ಕರೆಂಟ್ ಬಂತು. ಸಂಜೆಯಿಂದ ಅಮ್ಮ ಒತ್ತಿದ್ದ ಅಷ್ಟೂ ಸ್ವಿಚ್‌ಗಳ ಲೈಟು ಒಟ್ಟಿಗೇ ಹತ್ತಿಕೊಂಡವು.