ಒಂದು ಪ್ರತಿ ಮುಟ್ಟಿಸಲಿಲ್ಲಲ್ಲ?

ಮೊನ್ನೆ ಒಂದು ಮದುವೆಯಲ್ಲಿ ಊಟಕ್ಕೆ ಕೂತಿದ್ದೆ. ಪಕ್ಕದಲ್ಲಿದ್ದ ಹಳೇ ಗೆಳೆಯ ಹೋಳಿಗೆ ಮುರಿಯುತ್ತಾ ಕೇಳಿದ, "ಅಲ್ಲೋ, ಪುಸ್ತಕ ಬರ್ದೀಯಂತ. ನನಗೊಂದು ಪ್ರತಿ ಮುಟ್ಟಿಸಲಿಲ್ಲಲ್ಲ?"

"150 ರೂಪಾಯಿ ಐತಿ. ನಾಳೆ ಅಂಗಡಿ ಕಡೆ ಬಾ" ಅಂದೆ.

ಅವನು ನಕ್ಕ. ನಾನು ನಗಲಿಲ್ಲ. ಆಮೇಲೆ ಪಾಯಸ ಬರುವವರೆಗೂ ಇಬ್ಬರೂ ಮಾತಾಡಲಿಲ್ಲ.

ಹಾವೇರಿಯಲ್ಲಿ ನನ್ನದು ಜೆರಾಕ್ಸ್, ಡಿಟಿಪಿ ಅಂಗಡಿ. ಹತ್ತು ವರ್ಷ ಬೇರೆಯವರ ಪುಸ್ತಕ ಟೈಪ್ ಮಾಡಿದ್ದೇನೆ. ನುಡಿ ತಂತ್ರಾಂಶದ ಅಕ್ಷರಗಳನ್ನು ಯೂನಿಕೋಡಿಗೆ ಹಾಕಿದಾಗ ಅರ್ಕಾವತ್ತು ಎಲ್ಲೆಲ್ಲಿ ಹಾರಿಹೋಗುತ್ತದೆ ಅಂತ ಕಣ್ಣು ಮುಚ್ಚಿ ಹೇಳಬಲ್ಲೆ. ಬರೆದವರ ಗೋಳೂ ಬೇಕಾದಷ್ಟು ಕೇಳಿದ್ದೆ. ಆದರೂ ನನ್ನ ಕಥೆಗಳು ಸೇರಿ 144 ಪುಟ ಆದಾಗ ತಡೆಯಲಾಗಲಿಲ್ಲ. ನಾನೇ ದುಡ್ಡು ಹಾಕಿ 500 ಪ್ರತಿ ಮಾಡಿಸಿದೆ. ಡಿಟಿಪಿ ಕೂಲಿ ಉಳಿಯಿತು. ಕಾಗದ, ಮುದ್ರಣ, ಬೈಂಡಿಂಗ್ ಸೇರಿ 38,000 ಆಯಿತು. ಅಂದರೆ ಪ್ರತಿಗೆ 76 ರೂಪಾಯಿ.

ಮೊದಲ ತಪ್ಪು ಬಿಡುಗಡೆ ಸಮಾರಂಭ. ಸಭಾಂಗಣ, ಬ್ಯಾನರ್, ಐದು ಜನಕ್ಕೆ ಶಾಲು, ಹಾರ, ಹಣ್ಣಿನ ಬುಟ್ಟಿ, ಬಂದವರಿಗೆಲ್ಲ ಉಪ್ಪಿಟ್ಟು, ಶಿರಾ. ಒಟ್ಟು 22,000 ಹೋಯಿತು. ಬಂದವರು ನೂರಿಪ್ಪತ್ತು ಜನ. ಮಾರಿದ್ದು 17 ಪುಸ್ತಕ, ಅದೂ ರಿಯಾಯಿತಿಯಲ್ಲಿ. ಮುಖ್ಯ ಅತಿಥಿಗಳು ಮುನ್ನುಡಿ ಮಾತ್ರ ಓದಿಕೊಂಡು ಬಂದಿದ್ದರು. ಅದು ಅವರ ಮಾತಿನಲ್ಲೇ ಗೊತ್ತಾಯಿತು, ಇರಲಿ.

ಎರಡನೆಯದು ಗೌರವ ಪ್ರತಿ. ಲೆಕ್ಕ ಬರೆದಿಟ್ಟಿದ್ದೇನೆ, ಇಲ್ಲಿಯವರೆಗೆ 83. ಆರು ಸಾವಿರಕ್ಕೂ ಜಾಸ್ತಿ ಹಣ. ಕೊಟ್ಟ ಬೇಜಾರಿಲ್ಲ, ಓದಿದ್ದೇನೆ ಅಂದವರು ನಾಲ್ಕೇ ಜನ ಅನ್ನೋದೇ ಬೇಜಾರು. ನಮ್ಮಲ್ಲಿ ದರ್ಶಿನಿಯಲ್ಲಿ ಇಬ್ಬರು ತಿಂದರೆ 150 ಖರ್ಚಾಗುತ್ತದೆ. ಹೋಟೆಲಿಗೆ ಹೋಗಿ "ಒಂದು ದೋಸೆ ಗೌರವಕ್ಕೆ ಕೊಡ್ರಿ" ಅಂತ ಯಾರೂ ಕೇಳುವುದಿಲ್ಲ.

ಗಳಗನಾಥರು ನಮ್ಮ ಜಿಲ್ಲೆಯವರೇ, 1869ರಲ್ಲಿ ಹುಟ್ಟಿದವರು. ತಮ್ಮ ಕಾದಂಬರಿಗಳ ಗಂಟನ್ನು ತಲೆ ಮೇಲೆ ಹೊತ್ತು ಊರೂರು ತಿರುಗಿ ಮಾರಿದವರು. ಇಲ್ಲಿ ಯಾವ ಸಾಹಿತ್ಯ ಸಭೆಗೆ ಹೋದರೂ ಒಬ್ಬರಾದರೂ ಈ ಕಥೆ ಹೇಳಿ ಕಣ್ಣೊರೆಸಿಕೊಳ್ಳುತ್ತಾರೆ. ಭಾಷಣ ಮುಗಿಸಿ ಕೆಳಗಿಳಿದವರೇ ನನ್ನ ಕೈಯಲ್ಲಿದ್ದ ಪುಸ್ತಕ ತಿರುವಿ, "ಒಂದು ಪ್ರತಿ ಇಟ್ಕೋತೀನಿ" ಅಂತ ಬ್ಯಾಗಿಗೆ ಹಾಕಿಕೊಂಡದ್ದೂ ಆಗಿದೆ.

ಜನ ಪುಸ್ತಕ ಕೊಳ್ಳುವುದಿಲ್ಲ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. 2023ರ ಜನವರಿಯಲ್ಲಿ 86ನೇ ಸಾಹಿತ್ಯ ಸಮ್ಮೇಳನ ನಮ್ಮ ಹಾವೇರಿಯಲ್ಲೇ ಆಯಿತು. ಮಳಿಗೆಗಳ ನಡುವೆ ಕಾಲಿಡಲು ಜಾಗ ಇರಲಿಲ್ಲ. ಹಳ್ಳಿಗಳಿಂದ ಬಂದವರು ಚೀಲ ತುಂಬಿಕೊಂಡು ಹೋದರು. ಕೊಳ್ಳುವವರು ಇದ್ದಾರೆ. ನಾವು ನಮ್ಮನಮ್ಮೊಳಗೇ ಹಾರ ಹಾಕಿಕೊಂಡು ಕೂತಿದ್ದೇವೆ, ಅಷ್ಟೇ.

ಅಂಗಡಿಗಳ ಲೆಕ್ಕ ಬೇಗ ಮುಗಿಸುತ್ತೇನೆ. ನೂರಕ್ಕೆ ನಲವತ್ತು ಕಮಿಷನ್. ನನಗೆ ಬರುವುದು 90, ಅಸಲು ಕಳೆದರೆ 14. ಅದೂ ಮಾರಿದ ಮೇಲೆ, ನಾಲ್ಕು ಸಲ ಫೋನ್ ಮಾಡಿದ ಮೇಲೆ. ಕೊಟ್ಟದ್ದು 60 ಪ್ರತಿ, ದುಡ್ಡು ಬಂದದ್ದು 22ಕ್ಕೆ.

ಹಾಗಾಗಿ ಒಂದು ಗುರುವಾರ ಚೀಲಕ್ಕೆ 20 ಪುಸ್ತಕ ಹಾಕಿಕೊಂಡು ಬ್ಯಾಡಗಿ ಬಸ್ ಹತ್ತಿದೆ. ನನ್ನ ಕಥೆಗಳಲ್ಲಿ ಅರ್ಧ ಮೆಣಸಿನಕಾಯಿ ಮಾರುಕಟ್ಟೆಯವೇ. ಹಮಾಲರು, ದಲಾಲಿ ಅಂಗಡಿ ಗುಮಾಸ್ತರು, ಕಾಯಿಯ ತೊಟ್ಟು ಬಿಡಿಸುವ ಹೆಂಗಸರು. ಚಹಾ ಅಂಗಡಿ ಬೆಂಚಿನ ಮೇಲೆ ಟವೆಲ್ ಹಾಸಿ ಪುಸ್ತಕ ಜೋಡಿಸಿದೆ. ಕ್ಯೂಆರ್ ಕೋಡ್ ಇರುವ ರಟ್ಟನ್ನು ಸಕ್ಕರೆ ಡಬ್ಬಿಗೆ ಒರಗಿಸಿದೆ. ಘಾಟಿಗೆ ನಾನೂ ಸೀನುತ್ತಿದ್ದೆ, ಬಂದವರೂ ಸೀನುತ್ತಿದ್ದರು. ಮೊದಲ ಒಂದು ತಾಸು ಎಲ್ಲರೂ ನನ್ನನ್ನು ವಿಮೆ ಏಜೆಂಟ್ ಅಂದುಕೊಂಡರು.

ಆಮೇಲೆ ಒಬ್ಬ ಹಮಾಲ ಬಂದ. ಹೆಗಲ ಮೇಲೆ ಕೆಂಪು ಧೂಳು. ಪುಸ್ತಕ ಮುಟ್ಟಲು ಕೈ ಒರೆಸಿಕೊಂಡ.

"ಏನ್ರೀ ಇದು?"

"ನಿಮ್ಮ ಪ್ಯಾಟಿ ಕಥಿ."

"ನಮ್ಮವ್ವ ಹದಿನೈದು ವರ್ಷ ಇಲ್ಲೇ ತೊಟ್ಟು ಬಿಡಿಸ್ಯಾಳ. ಆಕಿಗೆ ಓದಾಕ ಬರಂಗಿಲ್ಲ. ಮಗಳ ಕಡೆ ಓದಿಸ್ತೀನಿ, ಕೊಡ್ರಿ."

ರಿಯಾಯಿತಿ ಕೇಳಲಿಲ್ಲ. ಅವತ್ತು ಸಂಜೆಯೊಳಗೆ 13 ಹೋದವು. ನಮ್ಮ ಸಭಾಂಗಣದಲ್ಲಿ ನೂರಿಪ್ಪತ್ತು ಜನ 17 ಕೊಂಡಿದ್ದರು ಅಲ್ವಾ, ಅದಕ್ಕೆ ಹೇಳಿದೆ.

ಹದಿನಾರು ತಿಂಗಳಲ್ಲಿ ಹೀಗೆ ಕೈಯಿಂದ ಕೈಗೆ 254 ಮಾರಿದ್ದೇನೆ. ಜಾತ್ರೆ, ಕಾಲೇಜು, ಒಂದು ಗೊಬ್ಬರದ ಅಂಗಡಿ ಕಟ್ಟೆ. ದೂರದವರಿಗೆ ಅಂಚೆಯಲ್ಲಿ ಕಳಿಸುತ್ತೇನೆ. 2025ರ ಮೇ 1ರಿಂದ ಪುಸ್ತಕ ಕಳಿಸಲು ಅಂಚೆ ಇಲಾಖೆಯ ಜ್ಞಾನ ಪೋಸ್ಟ್ ಸೇವೆ ಇದೆ. 300 ಗ್ರಾಂವರೆಗಿನ ಪುಸ್ತಕಕ್ಕೆ ದರ 20 ರೂಪಾಯಿಯಿಂದ ಶುರು. ನಿಧಾನ, ಆದರೆ ಜೇಬಿಗೆ ಹಗುರ. ಹೊಸಬರಿಗೆ ಇನ್ನೊಂದು ಮಾತು. ಐಎಸ್‌ಬಿಎನ್, ಅಂದರೆ ಪುಸ್ತಕದ ಗುರುತಿನ ಸಂಖ್ಯೆ, ಕೊಡಿಸುತ್ತೇವೆ ಅಂತ ಯಾರಾದರೂ ಸಾವಿರಾರು ರೂಪಾಯಿ ಕೇಳಿದರೆ ಕೊಡಬೇಡಿ. ದೆಹಲಿಯ ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಏಜೆನ್ಸಿ ಅದನ್ನು ಪುಕ್ಕಟೆ ಕೊಡುತ್ತದೆ. ಆನ್‌ಲೈನಿನಲ್ಲೇ ಅರ್ಜಿ ಹಾಕಬಹುದು.

ಮಂಚದ ಕೆಳಗೆ ಇನ್ನೂ 86 ಪ್ರತಿ ಇವೆ. ಹೆಂಡತಿ ಕಸ ಹೊಡೆಯುವಾಗಲೆಲ್ಲ ಪೊರಕೆಯಿಂದ ಡಬ್ಬ ಬಡಿದು ನೆನಪಿಸುತ್ತಾಳೆ.

ಹೋದ ತಿಂಗಳು ಮತ್ತೆ ಬ್ಯಾಡಗಿಗೆ ಹೋಗಿದ್ದೆ. ಆ ಹಮಾಲ ದೂರದಿಂದಲೇ ಕೈ ಮಾಡಿ ಕರೆದ. ಹೊಗಳಲು ಇರಬೇಕು ಅಂತ ಹಲ್ಲು ಕಿರಿದುಕೊಂಡು ಹೋದೆ. "ಮೂರನೇ ಕಥಿಯೊಳಗ ತಪ್ಪ ಬರ್ದೀರಿ, ಡಬ್ಬಿ ಕಾಯಿಗೆ ಕಡ್ಡಿ ಕಾಯಿ ರೇಟ್ ಹಾಕೀರಿ. ನಮ್ಮವ್ವ ಬೈಯಾಕತ್ಯಾಳ" ಅಂದ. ಡಬ್ಬಿ, ಕಡ್ಡಿ ಅಂದರೆ ಬ್ಯಾಡಗಿ ಮೆಣಸಿನಕಾಯಿಯ ಎರಡು ಬಗೆ. ಮನೆಗೆ ಬಂದು ತೆಗೆದು ನೋಡಿದೆ, ಹೌದು. 83 ಗೌರವ ಪ್ರತಿಯವರಲ್ಲಿ ಒಬ್ಬರೂ ಹೇಳಿರಲಿಲ್ಲ. ಈಗ ದಿನಾ ರಾತ್ರಿ ಹತ್ತತ್ತು ಪ್ರತಿ ತೆಗೆದು, ಆ ಸಾಲನ್ನು ಪೆನ್ನಿನಲ್ಲಿ ತಿದ್ದುತ್ತಿದ್ದೇನೆ.